ಮಣ್ಣಿನ ಹದ ಬಲ್ಲವನು: ರೋಲರ್ ಎಳೆಯುತ್ತಲೇ ಬೌಲರ್ ಆದ ಪಾಲ್ವಂಕರ್ ಬಾಲೂ

2024ರ ಅಕ್ಟೋಬರ್ 16. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್‌ನ ಮೊದಲ ದಿನ ಪೂರ್ತಿ ಮಳೆಗೆ ಹೋಯ್ತು. ಟಾಸ್ ಕೂಡ ಆಗಲಿಲ್ಲ. ಮರುದಿನ ಮೋಡ ಮುಸುಕಿದ ಬೆಳಿಗ್ಗೆ ಟಾಸ್ ಗೆದ್ದ ಭಾರತ ಬ್ಯಾಟಿಂಗ್ ಆರಿಸಿಕೊಂಡು 46 ರನ್ನಿಗೆ ಆಲೌಟ್. ತವರು ನೆಲದಲ್ಲಿ ಭಾರತದ ಅತ್ಯಂತ ಕಡಿಮೆ ಟೆಸ್ಟ್ ಮೊತ್ತ ಅದು. ಕೆಲಸದ ದಿನ ಬೇರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳಲ್ಲಿ ಒಂದು ಟ್ಯಾಬ್‌ನಲ್ಲಿ ಕೋಡ್, ಇನ್ನೊಂದರಲ್ಲಿ ಸ್ಕೋರು. ಊಟದ ಹೊತ್ತಿಗೆ ಎಲ್ಲರೂ ಎಕ್ಸ್‌ಪರ್ಟ್‌ಗಳೇ: ಟಾಸ್ ತಪ್ಪಾಯ್ತು, ಮೋಡ ನೋಡಬೇಕಿತ್ತು, ಪಿಚ್ ಮುಚ್ಚಿಟ್ಟಿದ್ದರಿಂದ ತೇವ ಉಳಿದಿತ್ತು.

ಹವಾಮಾನ ಆಟವನ್ನು ಹೇಗೆ ಬದಲಿಸುತ್ತದೆ ಅಂತ ನಾವು ಗಂಟೆಗಟ್ಟಲೆ ಮಾತಾಡ್ತೀವಿ. ಆದರೆ ಆ ಎರಡು ದಿನ ಮಳೆಯಲ್ಲಿ ನಿಂತು ಭಾರದ ಕವರ್‌ಗಳನ್ನು ಎಳೆದವರು ಯಾರು, ಅವರಿಗೆ ಆ ಮಣ್ಣಿನ ಬಗ್ಗೆ ಏನು ಗೊತ್ತು ಅಂತ ಯಾರೂ ಕೇಳಲ್ಲ. ಕೇಳಬೇಕಿತ್ತು. ಯಾಕಂದ್ರೆ ಈ ದೇಶದ ಮೊದಲ ಮಹಾನ್ ಬೌಲರ್ ಬಂದಿದ್ದು ಆ ಗುಂಪಿನಿಂದಲೇ. ಹೆಸರು ಪಾಲ್ವಂಕರ್ ಬಾಲೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಒದ್ದೆ ಪಿಚ್ ಮೇಲೆ ಅವರನ್ನು ಎದುರಿಸಲು ಯುರೋಪಿಯನ್ನರೂ ಹೆದರುತ್ತಿದ್ದರು. ಅದೇ ಹೊತ್ತಿನಲ್ಲಿ ಅವರದೇ ತಂಡದವರು ಅವರಿಗೆ ಮೈದಾನದ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡುತ್ತಿದ್ದರು.

ಹಿಮದಲ್ಲಿ ಒಂದು ಟ್ರ್ಯಾಕ್ಟರ್

ಬಾಲೂ ಕತೆಗೆ ಹೋಗುವ ಮುಂಚೆ ಒಂದು ಸಣ್ಣ ಸುತ್ತು. ಅಮೆರಿಕನ್ ಫುಟ್‌ಬಾಲ್ ಚಳಿಗಾಲದ ಆಟ. ಹಿಮ ಬಿದ್ದರೂ ಸಾಮಾನ್ಯವಾಗಿ ಆಟ ನಿಲ್ಲಲ್ಲ. ಚೆಂಡು ಜಾರುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ದೂರದ ಪಾಸ್ ಹಿಡಿಯುವುದು ಕಷ್ಟ. ಒದೆಯುವವನು ಊರಿದ ಕಾಲು ನೆಲ ಕಚ್ಚಿ ನಿಲ್ಲಲ್ಲ. ಹಾಗಾಗಿ ತಂಡಗಳು ಪಾಸ್ ಬಿಟ್ಟು ಚೆಂಡನ್ನು ಎದೆಗವಚಿಕೊಂಡು ಓಡುವ ಆಟಕ್ಕೆ ಇಳಿಯುತ್ತವೆ.

1982ರ ಡಿಸೆಂಬರ್ 12ರಂದು ಫಾಕ್ಸ್‌ಬರೋದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮತ್ತು ಮಯಾಮಿ ಡಾಲ್ಫಿನ್ಸ್ ತಂಡಗಳು ಇಂಥ ಹಿಮದಲ್ಲೇ ಆಡಿದವು. ಕೊನೆಯ ಐದು ನಿಮಿಷದವರೆಗೂ 0-0. ಆಗ ಪೇಟ್ರಿಯಟ್ಸ್‌ಗೆ ಫೀಲ್ಡ್ ಗೋಲ್ ಒದೆಯುವ ಅವಕಾಶ ಸಿಕ್ಕಿತು. ಅಷ್ಟರಲ್ಲಿ ಹಿಮ ಗುಡಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ ಕೆಲಸಗಾರನೊಬ್ಬ ನೇರ ಬಂದು, ಚೆಂಡು ಇಡುವ ಜಾಗವನ್ನೇ ಗುಡಿಸಿ ಹೋದ. ಗೋಲ್ ಆಯ್ತು, 3-0, ಪಂದ್ಯ ಮುಗೀತು. ಆ ಡ್ರೈವರ್ ಯಾರು ಗೊತ್ತಾ? ಜೈಲಿನಿಂದ ಹಗಲು ಕೆಲಸಕ್ಕೆ ಬಿಟ್ಟಿದ್ದ ಒಬ್ಬ ಕೈದಿ.

ಪಂದ್ಯಕ್ಕೆ ಅದು ನ್ಯಾಯವೋ ಅನ್ಯಾಯವೋ ಅಂತ ಇವತ್ತಿಗೂ ಚರ್ಚೆ ಇದೆ. ನನಗೆ ಅದರಲ್ಲಿ ಕಾಣುವುದು ಬೇರೆ. ಹವಾಮಾನ ಕೆಟ್ಟಾಗ ಮಾತ್ರ ಮೈದಾನದ ಕೆಲಸದವನು ಕಣ್ಣಿಗೆ ಬೀಳುತ್ತಾನೆ. ಆಟಗಾರರಿಗೆ ಹವಾಮಾನ ಒಂದು ಸವಾಲು, ನೋಡುವವರಿಗೆ ಮಜಾ, ಅವನಿಗೆ ಅದು ಕೂಲಿ. ಬಾಲೂ ಬದುಕು ಶುರುವಾಗಿದ್ದು ಆ ಕೂಲಿಯಿಂದ.

ತಿಂಗಳಿಗೆ ಮೂರು ರೂಪಾಯಿ

ಬಾಲೂ ಹುಟ್ಟಿದ್ದು 1876ರಲ್ಲಿ. ಧಾರವಾಡ ಆಗ ಬಾಂಬೆ ಪ್ರೆಸಿಡೆನ್ಸಿಯ ಭಾಗ. ಪಾಲ್ವಂಕರ್ ಅನ್ನುವುದು ಕೊಂಕಣದ ಮೂಲ ಊರಿನಿಂದ ಬಂದ ಅಡ್ಡಹೆಸರು. ಜಾತಿ ಚಂಭಾರ್, ಅಂದರೆ ತೊಗಲಿನ ಕೆಲಸ ಮಾಡುವ, ಅಸ್ಪೃಶ್ಯರೆಂದು ಹೊರಗಿಟ್ಟ ಸಮುದಾಯ. ಆ ಕಾಲದಲ್ಲಿ ಇಂಥ ಮನೆಗಳಿಗೆ ಊರಿನ ಕಟ್ಟುಪಾಡಿನಿಂದ ಹೊರಬರಲು ಇದ್ದ ಕೆಲವೇ ದಾರಿಗಳಲ್ಲಿ ಬ್ರಿಟಿಷ್ ಸೇನೆ ಒಂದು. ಬಾಲೂ ತಂದೆಯೂ ಸೇನೆಯ ಆಸರೆಯಲ್ಲಿ ಬದುಕಿದವರೇ. ಅಂಬೇಡ್ಕರ್ ಅವರ ತಂದೆ ಕೂಡ ಸುಬೇದಾರರಾಗಿದ್ದರು ಅನ್ನುವುದು ನೆನಪಿರಲಿ. ದಲಿತರ ಆಧುನಿಕ ಇತಿಹಾಸದ ಎಷ್ಟೋ ಬಾಗಿಲುಗಳು ಕಂಟೋನ್ಮೆಂಟ್ ಕಡೆಯಿಂದಲೇ ತೆರೆದಿವೆ.

ಕುಟುಂಬ ಪುಣೆಗೆ ಬಂತು. ಅಧಿಕಾರಿಗಳು ಬಿಟ್ಟ ಹಳೇ ಬ್ಯಾಟು, ಸವೆದ ಚೆಂಡುಗಳಲ್ಲಿ ಬಾಲೂ ಮತ್ತು ತಮ್ಮ ಶಿವರಾಂ ಆಟ ಕಲಿತರು. ಓದು ಅರ್ಧಕ್ಕೇ ನಿಂತಿತು. ಮೊದಲ ಕೆಲಸ ಸಿಕ್ಕಿದ್ದು ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್‌ನಲ್ಲಿ: ಪಿಚ್ ಗುಡಿಸುವುದು, ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್‌ಗೆ ಬಂದರು. ಅಲ್ಲಿ 4 ರೂಪಾಯಿ. ಪಿಚ್ ಸಿದ್ಧ ಮಾಡು, ಗೆರೆ ಎಳಿ, ನೆಟ್ ಕಟ್ಟು, ಟೆನಿಸ್ ಕೋರ್ಟಿಗೂ ಗುರುತು ಹಾಕು.

ಬಿಡುವಿದ್ದಾಗ ನೆಟ್‌ನಲ್ಲಿ ಸಾಹೇಬರಿಗೆ ಬೌಲಿಂಗ್. ಟ್ರಾಸ್ ಅನ್ನುವ ಯುರೋಪಿಯನ್ ಒಬ್ಬರು ಮೊದಲು ಈ ಹುಡುಗನ ಕೈಗೆ ಚೆಂಡು ಕೊಟ್ಟರು. ಎಡಗೈ ಸ್ಪಿನ್, ನಿಧಾನ, ಗಾಳಿಯಲ್ಲಿ ತೇಲಿ ಬರುವ ಎಸೆತ, ಎರಡೂ ಕಡೆ ತಿರುಗುವ ಚೆಂಡು. ಕ್ಲಬ್‌ನ ದೊಡ್ಡ ಬ್ಯಾಟ್ಸ್‌ಮನ್ ಜೆ.ಜಿ. ಗ್ರೆಗ್. ‘ಜಂಗ್ಲಿ’ ಅಂತ ಅಡ್ಡಹೆಸರು, ಇಂಗ್ಲೆಂಡಿನಲ್ಲಿ ಹ್ಯಾಂಪ್‌ಶೈರ್ ಪರ ಆಡಿದವರು. ಉಳಿದವರಿಗಿಂತ ಒಂದು ತಾಸು ಮೊದಲೇ ಬಂದು ಬಾಲೂ ಬೌಲಿಂಗ್‌ಗೆ ಅಭ್ಯಾಸ ಮಾಡುತ್ತಿದ್ದರು. ತನ್ನನ್ನು ಔಟ್ ಮಾಡಿದರೆ ಪ್ರತಿ ಸಲ ಎಂಟಾಣೆ ಕೊಡುತ್ತಿದ್ದರು ಅನ್ನುವುದು ಬಾಲೂ ಬಗ್ಗೆ ಬಹಳ ಕಾಲದಿಂದ ಹೇಳಿಕೊಂಡು ಬಂದ ಕತೆ. ಲೆಕ್ಕ ಹಾಕಿ ನೋಡಿ: ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಸಂಬಳ.

ಸಾವಿರಾರು ತಾಸು ಬೌಲಿಂಗ್ ಮಾಡಿದರೂ ಪೂನಾ ಕ್ಲಬ್‌ನಲ್ಲಿ ಅವರ ಕೈಗೆ ಯಾರೂ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಯಜಮಾನರ ಕೆಲಸ, ಬೌಲಿಂಗ್ ಆಳಿನ ಕೆಲಸ.

ಇಲ್ಲಿ ‘ಲಗಾನ್’ ಸಿನಿಮಾದ ಕಚ್ರಾ ನಿಮಗೆ ನೆನಪಾಗಬಹುದು. ಒಂದು ವ್ಯತ್ಯಾಸ ಗಮನಿಸಿ. ಕಚ್ರಾನ ಚೆಂಡು ತಿರುಗುವುದು ಅವನ ಕೈ ಊನವಾಗಿರುವುದರಿಂದ, ಅಂದರೆ ಅದೃಷ್ಟದಿಂದ. ಬಾಲೂ ಚೆಂಡು ತಿರುಗಿದ್ದು ವರ್ಷಗಟ್ಟಲೆ ಮಾಡಿದ ದುಡಿಮೆಯಿಂದ. ದಲಿತ ಪ್ರತಿಭೆಯನ್ನು ಪವಾಡ ಅಂತ ತೋರಿಸಿದರೆ ನೋಡುವವರಿಗೆ ಹಿತ. ಅದು ಕಲಿತ ವಿದ್ಯೆ ಅಂತ ಒಪ್ಪಿಕೊಂಡರೆ, ಕಲಿಯಲು ಯಾರಿಗೆ ಅವಕಾಶ ಇತ್ತು, ಯಾರಿಗೆ ಇರಲಿಲ್ಲ ಅನ್ನುವ ಪ್ರಶ್ನೆಯೂ ಜತೆಗೇ ಬರುತ್ತದೆ.

ಹದ ಅಂದರೆ ಏನು?

ಆಗ ಪಿಚ್ ಮೇಲೆ ಈಗಿನ ಹಾಗೆ ಕವರ್ ಹೊದಿಸುತ್ತಿರಲಿಲ್ಲ. ಮಳೆ ಬಂದರೆ ನೆನೆಯುವುದು, ಬಿಸಿಲು ಬಂದರೆ ಒಣಗುವುದು. ಅದರಲ್ಲೂ ಬಾಂಬೆ–ಪುಣೆಯ ಮುಖ್ಯ ಪಂದ್ಯಗಳು ಬಹಳ ವರ್ಷ ನಡೆದಿದ್ದು ಮಳೆಗಾಲ ಕಳೆಯುತ್ತಾ ಬರುವ ಸೆಪ್ಟೆಂಬರ್‌ನಲ್ಲಿ.

ಒದ್ದೆ ಪಿಚ್ ಅಂದರೆ ಬೌಲರ್‌ಗೆ ಹಬ್ಬ ಅಂತ ನಾವು ಸುಮ್ಮನೆ ಅಂದುಬಿಡ್ತೀವಿ. ಅದು ಅಷ್ಟು ಸರಳ ಅಲ್ಲ. ಮಳೆ ನಿಂತ ಕೂಡಲೇ ಪಿಚ್ ಮೇಲೆ ನೀರು ಇನ್ನೂ ಇರುತ್ತದೆ, ಚೆಂಡು ಹಿಡಿತ ಸಿಗದೆ ಜಾರಿ ಬರುತ್ತದೆ. ಬೌಲರ್ ಬೆರಳಿಗೂ ಚೆಂಡು ಜಾರುತ್ತದೆ. ಆಗ ಬ್ಯಾಟ್ ಮಾಡುವುದು ಸುಲಭವೇ. ಅಪಾಯ ಶುರುವಾಗುವುದು ಬಿಸಿಲು ಬಂದ ಮೇಲೆ. ಮೇಲಿನ ಪದರ ಒಣಗಿ ತೆಳ್ಳಗೆ ಗಟ್ಟಿಯಾಗುತ್ತದೆ, ಒಳಗೆ ಜೇಡಿಮಣ್ಣು ಇನ್ನೂ ಮೆತ್ತಗೆ. ಚೆಂಡು ಬಿದ್ದ ಜಾಗದಲ್ಲಿ ಪದರ ಒಡೆದು ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಒಂದು ಎಸೆತ ಗಕ್ಕನೆ ತಿರುಗಿ ಎದೆಮಟ್ಟಕ್ಕೆ ಏಳುತ್ತದೆ, ಅದೇ ಜಾಗಕ್ಕೆ ಬಿದ್ದ ಇನ್ನೊಂದು ಎಸೆತ ಏಳುವುದೇ ಇಲ್ಲ. ಇಂಗ್ಲಿಷಿನವರು ಇದಕ್ಕೆ ಸ್ಟಿಕಿ ವಿಕೆಟ್ ಅಂದರು. ಈ ಸ್ಥಿತಿ ಇರುವುದು ಸ್ವಲ್ಪ ಹೊತ್ತು ಮಾತ್ರ. ಪೂರ್ತಿ ಒಣಗಿದರೆ ಮತ್ತೆ ಸಾಧಾರಣ ಪಿಚ್. ಆ ಸ್ವಲ್ಪ ಹೊತ್ತನ್ನು ಗುರುತಿಸಿ, ಎಷ್ಟು ನಿಧಾನ ಎಸೆಯಬೇಕು, ಎಲ್ಲಿ ಬೀಳಿಸಬೇಕು ಅಂತ ಗೊತ್ತಿದ್ದವನು ಪಂದ್ಯ ಗೆಲ್ಲಿಸುತ್ತಾನೆ.

ನಾನು ಎಂಜಿನಿಯರಿಂಗ್ ಓದಿದವನು. ನಮ್ಮ ಸಿವಿಲ್ ಗೆಳೆಯರಿಗೆ ಸಾಯಿಲ್ ಮೆಕ್ಯಾನಿಕ್ಸ್‌ನಲ್ಲಿ ಪ್ರಾಕ್ಟರ್ ಪರೀಕ್ಷೆ ಅಂತ ಒಂದು ಇತ್ತು. ಮಣ್ಣಿನಲ್ಲಿ ಎಷ್ಟು ನೀರಿದ್ದಾಗ ರೋಲರ್ ಹೊಡೆದರೆ ಅದು ಅತಿ ಹೆಚ್ಚು ಗಟ್ಟಿಯಾಗುತ್ತದೆ ಅನ್ನುವ ಲೆಕ್ಕ. ನೀರು ಹೆಚ್ಚಾದರೆ ಮಣ್ಣು ರೋಲರ್‌ಗೆ ಮೆತ್ತಿಕೊಳ್ಳುತ್ತದೆ, ಕಮ್ಮಿಯಾದರೆ ಕೂಡಿಕೊಳ್ಳುವುದೇ ಇಲ್ಲ. ಪ್ರಾಕ್ಟರ್ ಇದನ್ನು ಪ್ರಕಟಿಸಿದ್ದು 1933ರಲ್ಲಿ. ಧಾರವಾಡ ಸೀಮೆಯ ಎರೆಹೊಲದ ರೈತರಿಗೆ ಇದಕ್ಕೆ ಒಂದೇ ಪದ ಸಾಕು: ಹದ. ಹದ ನೋಡಿ ಬಿತ್ತುತ್ತಾರೆ, ಹದ ತಪ್ಪಿದರೆ ಕುಂಟೆ ಹೊಡೆಯುವುದಿಲ್ಲ. ಪುಣೆಯಲ್ಲಿ ದಿನಾ ಬೆಳಿಗ್ಗೆ ರೋಲರ್ ಎಳೆಯುತ್ತಿದ್ದ ಹುಡುಗನ ಕೈಗೆ, ಕಾಲಿಗೆ ಆ ಹದ ತಿಳಿದಿರದೆ ಇರಲು ಸಾಧ್ಯವೇ? ಕೋಚ್ ಇಲ್ಲದ, ಪುಸ್ತಕ ಇಲ್ಲದ ಬಾಲೂಗೆ ಆ ರೋಲರೇ ಕ್ರಿಕೆಟ್ ಪಾಠಶಾಲೆ ಅನ್ನುವುದು ನನ್ನ ವಾದ.

1905ರಲ್ಲಿ ಭಾರತೀಯ ಕ್ರಿಕೆಟ್ ಬಗ್ಗೆ ಪುಸ್ತಕ ಬರೆದ ಪಾರ್ಸಿ ಆಟಗಾರ ಫ್ರಾಂಜಿ ಪಟೇಲ್, ಒದ್ದೆಯಾಗಿ ಒಣಗುತ್ತಿರುವ ಪಿಚ್ ಮೇಲೆ ಬಾಲೂಗಿಂತ ಮಾರಕ ಬೌಲರ್ ಇಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಸತಾರಾದ ಯುರೋಪಿಯನ್ ಕ್ಲಬ್‌ನವರಿಗೂ ಇದು ಗೊತ್ತಿತ್ತು. ಬಾಲೂ ಬರ್ತಾರೆ ಅಂತ ತಿಳಿದು ವಾರಪೂರ್ತಿ ಪಿಚ್ ಮೇಲೆ ರೋಲರ್ ಹೊಡೆಸಿ, ಚೆಂಡು ತಿರುಗದ ಹಾಗೆ ಕಲ್ಲಿನಂತೆ ಮಾಡಿಸಿದರು. ಬಾಲೂ ಏಳು ವಿಕೆಟ್ ಕಿತ್ತರು. ರೋಲರ್ ಏನು ಮಾಡುತ್ತದೆ, ಏನು ಮಾಡಲ್ಲ ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಚೆಂಡು ಮುಟ್ಟಬಹುದು, ಕಪ್ಪು ಮುಟ್ಟಬಾರದು

ಪುಣೆಯಲ್ಲಿ ಹಿಂದೂಗಳದ್ದೂ ಒಂದು ಕ್ಲಬ್ ಇತ್ತು. ಪೂನಾ ಕ್ಲಬ್‌ನ ಬಿಳಿಯರನ್ನು ಸೋಲಿಸಬೇಕು ಅನ್ನುವ ಆಸೆ ಅವರಿಗೆ. ಊರಿನ ಅತ್ಯುತ್ತಮ ಬೌಲರ್ ಪಕ್ಕದ ಮೈದಾನದಲ್ಲೇ ರೋಲರ್ ಎಳೆಯುತ್ತಿದ್ದಾನೆ. ಆದರೆ ಜಾತಿ? ಕ್ಲಬ್ ಒಳಗೆ ದೊಡ್ಡ ವಾದ ನಡೆಯಿತು. ತೆಲುಗು ಸದಸ್ಯರು ಸೇರಿಸಿಕೊಳ್ಳೋಣ ಅಂದರು, ಅಲ್ಲಿನ ಬ್ರಾಹ್ಮಣ ಸದಸ್ಯರು ಒಪ್ಪಲಿಲ್ಲ. ಬಾಲೂ ಅವರನ್ನು ಬಿಡುವುದು ಮೂರ್ಖತನ ಅಂತ ಗ್ರೆಗ್ ಬಹಿರಂಗವಾಗಿ ಹೇಳಿದ ಮೇಲೆ, ಗೆಲ್ಲುವ ಆಸೆ ಮಡಿಯನ್ನು ಸ್ವಲ್ಪ ಸಡಿಲಿಸಿತು.

ಸ್ವಲ್ಪ ಮಾತ್ರ. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟುತ್ತಿದ್ದರು. ಆ ಚೆಂಡಿನ ಹೊದಿಕೆ ತೊಗಲು, ಅದರ ಬಗ್ಗೆ ಯಾರ ತಕರಾರೂ ಇರಲಿಲ್ಲ. ವಿರಾಮದ ಹೊತ್ತಿಗೆ ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ, ಬಾಲೂಗೆ ಹೊರಗೆ ಕುಡಿದು ಬಿಸಾಡುವ ಕುಡಿಕೆಯಲ್ಲಿ. ಮುಖ ತೊಳೆಯಲು ಮೂಲೆಗೆ ಹೋಗಬೇಕು, ನೀರು ಹಾಕುವವನೂ ಅಸ್ಪೃಶ್ಯ ಜಾತಿಯವನೇ ಆಗಿರಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಸತಾರಾದ ಗೆಲುವಿನ ಬಳಿಕ ಪುಣೆಯಲ್ಲಿ ಮೆರವಣಿಗೆ, ಸನ್ಮಾನ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಬಾಲೂಗೆ ಹಾರ ಹಾಕಿಸಿದರು, ಜತೆಗೆ ಆಡುವುದಾದರೆ ಜತೆಗೆ ಉಣ್ಣುವುದಕ್ಕೇನು ಅಂತ ಕ್ಲಬ್‌ನವರನ್ನು ತರಾಟೆಗೆ ತೆಗೆದುಕೊಂಡರು. ಬಾಲಗಂಗಾಧರ ತಿಲಕರೂ ಸಾರ್ವಜನಿಕವಾಗಿ ಹೊಗಳಿದರು. ನಿಧಾನಕ್ಕೆ ಕುಡಿಕೆ ಹೋಗಿ ಕಪ್ಪು ಬಂತು. ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಕಪ್ಪು ಮನಪರಿವರ್ತನೆಯಿಂದ ಬಂದಿದ್ದಲ್ಲ, ವಿಕೆಟ್‌ಗಳಿಂದ ಬಂದಿದ್ದು. ಏಳು ವಿಕೆಟ್ ಕೀಳದ ದಲಿತನ ಪಾಲಿಗೆ ಕುಡಿಕೆಯೇ ಗಟ್ಟಿ.

ಬಾಂಬೆಯ ಗೆಲುವು

1896ರಲ್ಲಿ ಪ್ಲೇಗ್ ಬಂತು. ಬಾಲೂ ಬಾಂಬೆಗೆ ಹೋದರು. ಸ್ವಲ್ಪ ಕಾಲ ಸೇನೆಯಲ್ಲಿದ್ದು, ಆಮೇಲೆ ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿ ಅದರ ತಂಡಕ್ಕೆ ಆಡಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಕಾರ್ಪೊರೇಟ್ ಕ್ರಿಕೆಟ್. ಹಿಂದೂ ಜಿಮ್ಖಾನಾ ಕೂಡ, ಒಳಗಿನ ವಿರೋಧ ದಾಟಿ, ಅವರನ್ನು ತಂಡಕ್ಕೆ ತೆಗೆದುಕೊಂಡಿತು.

1906ರ ಫೆಬ್ರವರಿ. ಬಂಗಾಳ ವಿಭಜನೆಯ ಸಿಟ್ಟು, ಸ್ವದೇಶಿ ಚಳವಳಿಯ ಬಿಸಿ, ಹಿಂದಿನ ವರ್ಷವಷ್ಟೇ ರಷ್ಯಾವನ್ನು ಜಪಾನ್ ಸೋಲಿಸಿದ ಸುದ್ದಿ. ಇಂಥ ಹೊತ್ತಿನಲ್ಲಿ ಬಾಂಬೆ ಜಿಮ್ಖಾನಾ ಮೈದಾನದಲ್ಲಿ ಹಿಂದೂಗಳು ಮತ್ತು ಯುರೋಪಿಯನ್ನರ ಪಂದ್ಯ. ಹಿಂದೂಗಳು 242 ಮತ್ತು 160. ಯುರೋಪಿಯನ್ನರು 191 ಮತ್ತು 102. ಗೆಲುವು 109 ರನ್ನುಗಳಿಂದ. ಬಾಲೂಗೆ ಎಂಟು ವಿಕೆಟ್. ತಂಡದಲ್ಲಿ ಶಿವರಾಂ ಕೂಡ ಇದ್ದರು. ಆಳುವವರನ್ನು ಅವರದೇ ಆಟದಲ್ಲಿ, ಅವರದೇ ಜಿಮ್ಖಾನಾದಲ್ಲಿ ಸೋಲಿಸಿದ್ದು ದೇಶಕ್ಕೇ ಸುದ್ದಿಯಾಯ್ತು. ಅಸ್ಪೃಶ್ಯ ಅಣ್ಣತಮ್ಮಂದಿರನ್ನು ಸೇರಿಸಿಕೊಂಡಿದ್ದರಿಂದಲೇ ಇದು ಸಾಧ್ಯವಾಯ್ತು ಅಂತ ಸುಧಾರಣಾವಾದಿ ಪತ್ರಿಕೆಗಳು ಬರೆದವು.

1911ರ ಬಿಸಿಲು

1911ರಲ್ಲಿ ಭಾರತೀಯರ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕ ಪಟಿಯಾಲಾ ಮಹಾರಾಜ ಭೂಪಿಂದರ್ ಸಿಂಗ್. ವಯಸ್ಸು 19. ನಾಯಕತ್ವಕ್ಕೆ ಇದ್ದ ಅರ್ಹತೆ ಹುಟ್ಟು. ಆ ವರ್ಷ ಲಂಡನ್ನಿನಲ್ಲಿ ಐದನೇ ಜಾರ್ಜ್ ಪಟ್ಟಾಭಿಷೇಕ, ಔತಣಗಳ ಸಾಲು. ನಾಯಕರ ಗಮನ ಬಹುಪಾಲು ಆ ಕಡೆಗೇ.

ಇಂಗ್ಲೆಂಡ್ ಅಂದರೆ ಮಳೆ, ಅಂದರೆ ಬಾಲೂಗೆ ಇಷ್ಟದ ಪಿಚ್ ಅಂತ ನಾವು ಅಂದುಕೊಳ್ಳಬಹುದು. ಆದರೆ 1911ರ ಬೇಸಿಗೆ ಇಂಗ್ಲೆಂಡ್ ಇತಿಹಾಸದ ಅತಿ ಬಿಸಿಯ, ಒಣ ಬೇಸಿಗೆಗಳಲ್ಲಿ ಒಂದು. ಆಗಸ್ಟ್ 9ರಂದು ಗ್ರೀನಿಚ್‌ನಲ್ಲಿ 36.7 ಡಿಗ್ರಿ ದಾಖಲಾಯ್ತು. ಒಣಗಿ ಗಟ್ಟಿಯಾದ ಪಿಚ್, ವೇಗವಾಗಿ ಓಡುವ ಔಟ್‌ಫೀಲ್ಡ್. ನಿಧಾನ ಸ್ಪಿನ್ನರ್‌ಗೆ ಇದು ಒಗ್ಗುವ ಹವೆಯಲ್ಲ. ಬಾಲೂಗೆ ಆಗಲೇ 35 ವರ್ಷ. ತಂಡ 23 ಪಂದ್ಯ ಆಡಿ 15ರಲ್ಲಿ ಸೋತಿತು.

ಆದರೂ ಆ ಪ್ರವಾಸದಲ್ಲಿ ಬಾಲೂ ಕಿತ್ತ ವಿಕೆಟ್ 114. ಸರಾಸರಿ 18.84. ಲೆಸ್ಟರ್‌ಶೈರ್ ವಿರುದ್ಧದ ಗೆಲುವಿನಲ್ಲಿ 11 ವಿಕೆಟ್. ಸೋಮರ್‌ಸೆಟ್ ವಿರುದ್ಧ ತಮ್ಮ ಶಿವರಾಂ ಅಜೇಯ 113 ಹೊಡೆದು ಒಂದು ವಿಕೆಟ್‌ನಿಂದ ಗೆಲ್ಲಿಸಿದರು. ಒದ್ದೆ ಪಿಚ್‌ನಲ್ಲಿ ಮಾತ್ರ ಆಡಬಲ್ಲವನು ಅನ್ನುವ ಮಾತು ಅಲ್ಲಿಗೆ ಮುಗೀತು. ಮಣ್ಣು ಗೊತ್ತಿದ್ದವನಿಗೆ ಒಣ ಮಣ್ಣೂ ಗೊತ್ತಿರುತ್ತದೆ.

ಬಾಂಬೆಗೆ ಮರಳಿದಾಗ ದಮನಿತ ವರ್ಗಗಳ ಜನ ಸನ್ಮಾನ ಸಭೆ ನಡೆಸಿದರು. ಅಲ್ಲಿ ಮಾನಪತ್ರ ಅರ್ಪಿಸಿದವರು ಇನ್ನೂ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್. ಪಟಿಯಾಲಾ ಮಹಾರಾಜ ಹುಟ್ಟಿದ್ದು 1891ರಲ್ಲಿ, ಅಂಬೇಡ್ಕರ್ ಹುಟ್ಟಿದ್ದೂ 1891ರಲ್ಲೇ. ಒಬ್ಬರು ಆಟ ಹೇಗಿದ್ದರೂ ನಾಯಕ. ಇನ್ನೊಬ್ಬರಿಗೆ ತನ್ನ ಜನರಲ್ಲಿ ಹೆಮ್ಮೆಯಿಂದ ತೋರಿಸಲು ಆ ದಿನಗಳಲ್ಲಿ ಸಿಕ್ಕ ದೊಡ್ಡ ಹೆಸರು ಬಾಲೂ.

ಸಿಗದ ನಾಯಕತ್ವ

1912ರಲ್ಲಿ ಮುಸ್ಲಿಮರ ತಂಡವೂ ಸೇರಿ ಬಾಂಬೆ ಟೂರ್ನಿ ಚತುಷ್ಕೋನ ಆಯ್ತು. ಹಿಂದೂ ತಂಡದ ಅತ್ಯಂತ ಅನುಭವಿ ಆಟಗಾರ ಬಾಲೂ. ನಾಯಕತ್ವ ಮಾತ್ರ ಪ್ರತಿ ವರ್ಷ ಮೇಲ್ಜಾತಿಯವರಿಗೇ. 1913ರಲ್ಲಿ ನಾಯಕರಾದ ಎಂ.ಡಿ. ಪೈ, ಈ ಗೌರವ ಬಾಲೂಗೆ ಸಲ್ಲಬೇಕಿತ್ತು ಅಂತ ಬಹಿರಂಗವಾಗಿ ಹೇಳಿದರು. ಏನೂ ಬದಲಾಗಲಿಲ್ಲ.

1920ರಲ್ಲಿ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಆಗ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಂ, ಜಾತಿಯ ಕಾರಣಕ್ಕೆ ನಮ್ಮನ್ನು ಕಡೆಗಣಿಸಲಾಗುತ್ತಿದೆ ಅಂತ ಹೇಳಿಕೆ ಕೊಟ್ಟು ತಂಡದಿಂದ ಹೊರನಡೆದರು. ಆಡಳಿತ ಮಂಡಳಿಯ ಕೈಯಲ್ಲಿ ಆಯ್ಕೆ ಇತ್ತು, ಇವರ ಕೈಯಲ್ಲಿ ಆಟ ಇತ್ತು. ಅದನ್ನು ವಾಪಸ್ ತೆಗೆದುಕೊಂಡರು. ಮುಷ್ಕರ ಅನ್ನದೆ ಇದಕ್ಕೆ ಇನ್ನೇನು ಅನ್ನಬೇಕು? ಜನಾಭಿಪ್ರಾಯ ಅವರ ಕಡೆ ತಿರುಗಿತು. ಮುಂದಿನ ಪಂದ್ಯಕ್ಕೆ ಅಣ್ಣತಮ್ಮಂದಿರು ಮರಳಿದರು, ಬಾಲೂ ಉಪನಾಯಕ. ನಾಯಕ ಪೈ ಪಂದ್ಯದ ನಡುವೆ ಬೇಕೆಂದೇ ಮೈದಾನದಿಂದ ಹೊರಗೆ ಹೋದರು. ಅಷ್ಟು ಹೊತ್ತು ಬಾಲೂ ತಂಡ ಮುನ್ನಡೆಸಿದರು. ಮೂರು ದಶಕದ ಆಟಕ್ಕೆ ಸಿಕ್ಕ ನಾಯಕತ್ವ ಅಷ್ಟೇ.

1923ರಲ್ಲಿ ವಿಠ್ಠಲ್ ನಾಯಕರಾದರು, ಯುರೋಪಿಯನ್ನರನ್ನು ಸೋಲಿಸಿ ಟೂರ್ನಿ ಗೆದ್ದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು. ಬಾಲೂ ಅವರ ಪ್ರಥಮ ದರ್ಜೆ ದಾಖಲೆ 33 ಪಂದ್ಯ, 179 ವಿಕೆಟ್, ಸರಾಸರಿ 15.21. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆಗ ಅವರಿಗೆ 56 ವರ್ಷ.

ಅಂಬೇಡ್ಕರ್ ಎದುರು

ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಮಗೆಲ್ಲ ಹಿತವಾಗಿರುತ್ತದೆ. ಆದರೆ ಮುಂದಿನ ಭಾಗವನ್ನು ಬಿಡುವಂತಿಲ್ಲ.

1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ದಮನಿತ ವರ್ಗಗಳಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಿಸಿತು. ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಅಂಬೇಡ್ಕರ್ ಮೇಲೆ ಒತ್ತಡ ಬಿತ್ತು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದ ಆಯಿತು: ಪ್ರತ್ಯೇಕ ಮತಕ್ಷೇತ್ರ ಇಲ್ಲ, ಬದಲಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನ. ಬಾಲೂ ಆ ಮಾತುಕತೆಯಲ್ಲಿದ್ದರು, ಎಂ.ಸಿ. ರಾಜಾ ಜತೆ ನಿಂತು ಜಂಟಿ ಮತಕ್ಷೇತ್ರದ ಪರ ವಾದಿಸಿದರು, ಒಪ್ಪಂದಕ್ಕೆ ಸಹಿ ಹಾಕಿದರು. 1933ರಲ್ಲಿ ಹಿಂದೂ ಮಹಾಸಭಾದ ಟಿಕೆಟ್ ಮೇಲೆ ಬಾಂಬೆ ಮುನಿಸಿಪಾಲಿಟಿಗೆ ನಿಂತು ಸೋತರು. 1935ರಲ್ಲಿ ಹಿಂದೂ ಧರ್ಮ ಬಿಡುತ್ತೇನೆ ಅಂತ ಅಂಬೇಡ್ಕರ್ ಘೋಷಿಸಿದಾಗ ವಿರೋಧಿಸಿದರು. 1937ರ ಬಾಂಬೆ ಶಾಸನಸಭೆ ಚುನಾವಣೆಯಲ್ಲಿ ಅಂಬೇಡ್ಕರ್ ವಿರುದ್ಧ ಕಾಂಗ್ರೆಸ್ ನಿಲ್ಲಿಸಿದ ಅಭ್ಯರ್ಥಿ ಇದೇ ಬಾಲೂ. ಅಂಬೇಡ್ಕರ್ 13,245 ಮತ, ಬಾಲೂ 11,225.

ಮಾನಪತ್ರ ಕೊಟ್ಟ ಹುಡುಗನ ಎದುರೇ ಚುನಾವಣೆ! ಹಾಗಾದರೆ ಬಾಲೂ ಮೇಲ್ಜಾತಿಯವರ ದಾಳವಾದರಾ? ಕಾಂಗ್ರೆಸ್ ಅವರನ್ನು ಬಳಸಿಕೊಂಡಿತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅವರ ಬದುಕನ್ನೂ ನೋಡಿ. ಕುಡಿಕೆಯಿಂದ ಕಪ್ಪಿಗೆ, ಕಪ್ಪಿನಿಂದ ಉಪನಾಯಕತ್ವಕ್ಕೆ, ಕೊನೆಗೆ ತಮ್ಮನ ನಾಯಕತ್ವಕ್ಕೆ ಅವರು ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ಹಿಂದೂ ಸಮಾಜ ನಿಧಾನವಾಗಿಯಾದರೂ ಬದಲಾಗುತ್ತದೆ ಅನ್ನುವುದು ಅವರ ಅನುಭವ. ಅಂಬೇಡ್ಕರ್ ಕೇಳಿದ್ದು ಬೇರೆ ಪ್ರಶ್ನೆ: ಏಳು ವಿಕೆಟ್ ಕೀಳಲಾಗದ ಕೋಟ್ಯಂತರ ಜನರ ಗತಿ ಏನು? ಪ್ರತಿಭೆ ತೋರಿಸಿದ ಮೇಲೆ ಕೊಡುವ ಗೌರವ ಹಕ್ಕಲ್ಲ, ಇನಾಮು. ನನಗೆ ಅಂಬೇಡ್ಕರ್ ಪ್ರಶ್ನೆಯೇ ಸರಿ ಅನ್ನಿಸುತ್ತದೆ. ಅದಕ್ಕಾಗಿ ಬಾಲೂ ಅವರನ್ನು ಇತಿಹಾಸದಿಂದ ಅಳಿಸಬೇಕಿಲ್ಲ. ಒಂದೇ ಗಾಯದಿಂದ ಎರಡು ರಾಜಕಾರಣ ಹುಟ್ಟಬಹುದು ಅನ್ನುವುದಕ್ಕೆ ಅವರ ಬದುಕೇ ಸಾಕ್ಷಿ. 1955ರ ಜುಲೈ 4ರಂದು ಬಾಂಬೆಯಲ್ಲಿ ಬಾಲೂ ತೀರಿಕೊಂಡರು.

ಆನ್-ರೋಲ್ ಮತ್ತು ರೋಲರ್

ಈಗ ನಮ್ಮ ಸುತ್ತ ನೋಡೋಣ. ಚಿನ್ನಸ್ವಾಮಿಯಲ್ಲಿ 2017ರಿಂದ ಸಬ್‌ಏರ್ ವ್ಯವಸ್ಥೆ ಇದೆ. ನೆಲದಡಿಯ ಪೈಪುಗಳು ನಿಮಿಷಕ್ಕೆ 10,000 ಲೀಟರ್‌ವರೆಗೆ ನೀರು ಹೀರುತ್ತವೆ ಅಂತ ಹೇಳ್ತಾರೆ. ಊರ ಹೊರಗೆ ಅಂಥದ್ದೇನಿಲ್ಲ. ಪೀಣ್ಯ ದಾಟಿ ನೆಲಮಂಗಲದ ಕಡೆ ಹೋದರೆ ಆಲೂರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೂರು ಮೈದಾನಗಳಿವೆ, ದೇಶಿ ಟೂರ್ನಿಗಳು ನಡೆಯುತ್ತವೆ. ವೈಟ್‌ಫೀಲ್ಡ್, ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿ ಸುತ್ತ ಹಳೇ ಹೊಲ, ಖಾಲಿ ಸೈಟುಗಳೆಲ್ಲ ಟರ್ಫ್ ಆಗಿವೆ, ಗಂಟೆ ಲೆಕ್ಕದ ಬಾಡಿಗೆ, ಬಲೆ ಕಟ್ಟಿದ ಬಾಕ್ಸ್ ಕ್ರಿಕೆಟ್. ಶನಿವಾರ ಸಂಜೆ ಮಳೆ ಹುಯ್ದರೆ ವಾಟ್ಸಾಪ್ ಗ್ರೂಪ್‌ನಲ್ಲಿ ಒಂದೇ ಪ್ರಶ್ನೆ: ಮ್ಯಾಚ್ ಇದೆಯಾ? ಇದೆ ಅಂತ ಉತ್ತರ ಬರುವುದು, ಯಾರೋ ಒಬ್ಬರು ಸ್ಪಂಜು, ಬಕೆಟ್ಟು ಹಿಡಿದು ನೀರು ಹಿಂಡಿ ತೆಗೆದ ಮೇಲೆ.

ಅವರು ಯಾರು? ಬಹುಪಾಲು ಗುತ್ತಿಗೆಯವರು ಅಥವಾ ದಿನಗೂಲಿಯವರು. ಯಾದಗಿರಿ, ರಾಯಚೂರಿನಿಂದ, ಇಲ್ಲವೇ ಒಡಿಶಾ, ಬಿಹಾರದಿಂದ ಬಂದವರು. ಆಟ ರದ್ದಾದರೆ ನಮಗೆ ರೀಫಂಡ್ ಬರುತ್ತದೆ. ದಿನಗೂಲಿಯವರಿಗೆ?

2024ರ ಐಪಿಎಲ್ ಮುಗಿದಾಗ ಹತ್ತು ಖಾಯಂ ಮೈದಾನಗಳ ಗ್ರೌಂಡ್ಸ್‌ಮನ್ ಮತ್ತು ಕ್ಯೂರೇಟರ್‌ಗಳಿಗೆ ಬಿಸಿಸಿಐ ತಲಾ 25 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಒಳ್ಳೆಯದೇ. ಆದರೆ ಅದೂ ಗ್ರೆಗ್ ಸಾಹೇಬರ ಎಂಟಾಣೆಯ ಸಾಲಿಗೇ ಸೇರುತ್ತದೆ. ಕೊಡುವವರ ಮನಸ್ಸಿನ ಮೇಲೆ ನಿಂತ ದುಡ್ಡು ಸಂಬಳ ಆಗಲ್ಲ.

ಕಾರ್ಪೊರೇಟ್ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಇರುವ ಒಂದು ನಿಯಮ ನಿಮಗೂ ಗೊತ್ತು: ಆಡುವವರು ಕಂಪನಿಯ ಆನ್-ರೋಲ್ ನೌಕರರಾಗಿರಬೇಕು, ಐಡಿ ಕಾರ್ಡ್ ತೋರಿಸಬೇಕು. ಅದೇ ಕ್ಯಾಂಪಸ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡುವ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಗಾರ್ಡನಿಂಗ್‌ನವರು ಏಜೆನ್ಸಿ ಲೆಕ್ಕದಲ್ಲಿರುವುದರಿಂದ ಆಡುವಂತಿಲ್ಲ. ಇಲ್ಲಿ ಯಾರೂ ಜಾತಿ ಕೇಳಲ್ಲ, ನಿಜ. ಆದರೆ ಟೆಕ್ ಪಾರ್ಕಿನ ಟಾಯ್ಲೆಟ್ ತೊಳೆಯುವವರು ಯಾವ ಸಮುದಾಯದಿಂದ ಬರುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ರೈಲ್ವೆ ಬಾಲೂಗೆ ಕೆಲಸವನ್ನೂ ಕೊಟ್ಟಿತು, ತಂಡದಲ್ಲಿ ಜಾಗವನ್ನೂ ಕೊಟ್ಟಿತು. ನಮ್ಮ ಕಂಪನಿಗಳು ಹೌಸ್‌ಕೀಪಿಂಗ್‌ನವರಿಗೆ ಅಷ್ಟನ್ನೂ ಕೊಡುತ್ತಿಲ್ಲ.

ಇದನ್ನು ಓದುವ ನಿಮ್ಮಲ್ಲಿ ಹಲವರು ಆಫೀಸಿನ ಸ್ಪೋರ್ಟ್ಸ್ ಕಮಿಟಿಯಲ್ಲಿ ಇರುತ್ತೀರಿ. ಮುಂದಿನ ಟೂರ್ನಿಯ ನಿಯಮಾವಳಿ ಬರೆಯುವಾಗ ಎರಡು ಸಾಲು ಸೇರಿಸಿ. ಒಂದು, ಗುತ್ತಿಗೆ ಕೆಲಸಗಾರರಿಗೂ ತಂಡದಲ್ಲಿ ಆಡುವ ಅವಕಾಶ. ಎರಡು, ಮಳೆಗೆ ಪಂದ್ಯ ರದ್ದಾದರೂ ಮೈದಾನದ ಕೆಲಸದವರಿಗೆ ಆ ದಿನದ ಪೂರ್ತಿ ಕೂಲಿ. ಎಚ್‌ಆರ್‌ನವರು ಇದು ಪಾಲಿಸಿಯಲ್ಲಿ ಇಲ್ಲ ಅನ್ನಬಹುದು. ಆಗ 1920ರಲ್ಲಿ ವಿಠ್ಠಲ್, ಶಿವರಾಂ ಏನು ಮಾಡಿದರು ಅಂತ ಅವರಿಗೆ ಹೇಳಿ.